ನಾರ್‌ಎ ಬೆಳೆಸಲು ಯಾವ ಇ. ಕೋಲೈ ತಳಿ? ಮೂರನ್ನೂ ಹಿಡಿದು ನೋಡಿದೆ

ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಪೊರೆಯಲ್ಲಿ ನಾರ್‌ಎ ಅಂತ ಒಂದು ಪಂಪ್ ಇದೆ. ಒಳಗೆ ಬಂದ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು ಅದು ಹೊರಗೆ ತಳ್ಳಿಬಿಡುತ್ತದೆ. ಈ ಪಂಪನ್ನು ತಡೆಯುವ ಔಷಧ ಹುಡುಕಬೇಕಾದರೆ ಮೊದಲು ಪಂಪೇ ಕೈಗೆ ಸಿಗಬೇಕು, ಅಲ್ವಾ? ಅದೇ ಕಷ್ಟ. ಪೊರೆಯನ್ನು 12 ಸಲ ದಾಟುವ ಪ್ರೋಟೀನ್ ಇದು, ಬರೀ ನೀರಿನಲ್ಲಿ ಮುದ್ದೆಯಾಗುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾದ ಮೂರು ತಳಿಗಳಲ್ಲಿ ಇದನ್ನು ತಯಾರಿಸಿ ನೋಡಲು, ಅದರ ಬಾಲಕ್ಕೆ ಜಿಎಫ್‌ಪಿ ಎಂಬ ಹೊಳೆಯುವ ಪ್ರೋಟೀನ್ ಜೋಡಿಸಿದೆ. ನಾರ್‌ಎ ಪೊರೆಗೆ ಸರಿಯಾಗಿ ಸೇರಿದರೆ ಜಿಎಫ್‌ಪಿ ಹಸಿರಾಗಿ ಹೊಳೆಯುತ್ತದೆ, ಮುದ್ದೆಯಾದರೆ ಹೊಳೆಯುವುದಿಲ್ಲ.

ಮೊದಲ ತಳಿ ಬಿಎಲ್21(ಡಿಇ3)ರಲ್ಲಿ, 37 ಡಿಗ್ರಿಯಲ್ಲಿ, ಪ್ರೋಟೀನ್ ತಯಾರಿಕೆ ಚಾಲೂ ಮಾಡುವ ಐಪಿಟಿಜಿ ಹಾಕಿದ್ದೇ ತಡ, ಕೋಶಗಳ ಬೆಳವಣಿಗೆ ನಿಂತಿತು. ಜೀನನ್ನು ನಕಲು ಮಾಡುವ ಕಿಣ್ವ ಟಿ7 ಪಾಲಿಮರೇಸ್ ಜಾಸ್ತಿ ವೇಗವಾಗಿ ಓಡುತ್ತದೆ. ಪ್ರೋಟೀನನ್ನು ಪೊರೆಗೆ ಸೇರಿಸುವ ದಾರಿ ಅಷ್ಟನ್ನು ತಡೆಯಲಾರದೆ ಕಟ್ಟಿಕೊಳ್ಳುತ್ತದೆ. ಪೆಲೆಟ್‌ನಲ್ಲಿ (ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ತಳದಲ್ಲಿ ಕೂರುವ ಕೋಶಗಳ ಮುದ್ದೆ) ಹಸಿರಿನ ಸುಳಿವೇ ಇರಲಿಲ್ಲ. 20 ಡಿಗ್ರಿಗೆ ಇಳಿಸಿದಾಗ ತುಸು ಬಣ್ಣ ಬಂತು, ಅಷ್ಟೇ.

ಸಿ43(ಡಿಇ3)ಯನ್ನು ಮಿರೂ ಮತ್ತು ವಾಕರ್ 1996ರಲ್ಲಿ ವರದಿ ಮಾಡಿದರು. ಕೋಶಕ್ಕೆ ಹೊರೆಯಾಗುವ ಪ್ರೋಟೀನ್ ತಯಾರಿಸಲು ಹಚ್ಚಿದರೂ ಸಾಯದೆ ಉಳಿದ ಕೋಶಗಳನ್ನೇ ಆರಿಸಿ ಪಡೆದ ತಳಿ. ಇದರಲ್ಲಿ ಟಿ7 ಪಾಲಿಮರೇಸ್ ಕಡಿಮೆ ತಯಾರಾಗುತ್ತದೆ. ಏನೂ ಹೊಂದಿಸದೆ ಬೆಳೆಸಿದರೂ ಪೆಲೆಟ್ ತಿಳಿ ಹಸಿರಾಗಿತ್ತು. ಸಮಯವಿಲ್ಲದವರು ಇಲ್ಲಿಂದಲೇ ಶುರು ಮಾಡಿ.

ಲೆಮೊ21(ಡಿಇ3)ಗೆ ತಾಳ್ಮೆ ಬೇಕು. ರ‍್ಯಾಮ್ನೋಸ್ ಸಕ್ಕರೆ ಹಾಕಿದಷ್ಟೂ ಟಿ7 ಲೈಸೋಜೈಮ್ ಹುಟ್ಟಿ ಪಾಲಿಮರೇಸಿಗೆ ಲಗಾಮು ಬೀಳುತ್ತದೆ. ಸೊನ್ನೆಯಿಂದ 2 ಮಿಲಿಮೋಲಾರ್‌ವರೆಗೆ ಚಿಕ್ಕ ಫ್ಲಾಸ್ಕ್‌ಗಳ ಸಾಲನ್ನೇ ಇಟ್ಟೆ. ನಡುವಿನ ಒಂದು ಫ್ಲಾಸ್ಕಿನ ಪೆಲೆಟ್ ಎಳೆ ಬಾಳೆ ಎಲೆಯ ಬಣ್ಣಕ್ಕೆ ಬಂದಿತ್ತು. ಸೆಂಟ್ರಿಫ್ಯೂಜ್ ಟ್ಯೂಬನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದೆ. ನಾರ್‌ಎಗೆ ನನ್ನ ಆಯ್ಕೆ ಇದೇ.

ಒಂದು ಎಚ್ಚರಿಕೆ: ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ಗೆ ಹಾಕುವ ಮುಂಚೆ ಸ್ಯಾಂಪಲ್ ಕುದಿಸಬೇಡಿ. ಅಭ್ಯಾಸಬಲದಿಂದ ಮೊದಲ ಸಲ ನಾನು ಕುದಿಸಿದೆ. ಪ್ರೋಟೀನ್ ಒಂದಕ್ಕೊಂದು ಅಂಟಿ, ಸ್ಯಾಂಪಲ್ ಹಾಕುವ ಗುಳಿಯಲ್ಲೇ ಕೂತಿತು, ಜಿಎಫ್‌ಪಿಯ ಹೊಳಪೂ ಹೋಯಿತು. ಕುದಿಸದೆ ಹಾಕಿದರೆ ಜೆಲ್ಲಿನಲ್ಲೇ ಹೊಳೆಯುವ ಪಟ್ಟಿ ಕಾಣುತ್ತದೆ.

ಡಿಡಿಎಮ್ ಡಿಟರ್ಜೆಂಟಿನಲ್ಲಿ ಕರಗಿಸಿ, ಹಿಸ್ಟಿಡಿನ್ (ಒಂದು ಅಮೈನೋ ಆಮ್ಲ) ಇರುವ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುವ ನಿಕ್ಕಲ್ ಕಾಲಮ್‌ಗೆ ಹಾಕಿದಾಗ 110 ಕಿಲೋಡಾಲ್ಟನ್ ಹತ್ತಿರ ಇನ್ನೊಂದು ಪಟ್ಟಿ ಬಂತು. ಇ. ಕೋಲೈನದೇ ಔಷಧ ಹೊರಹಾಕುವ ಪಂಪ್, ಆಕರ್‌ಬಿ. ಅದರ ತುದಿಯಲ್ಲಿ ಹಿಸ್ಟಿಡಿನ್‌ಗಳಿರುವುದರಿಂದ ಕರೆಯದಿದ್ದರೂ ನಿಕ್ಕಲ್‌ಗೆ ಅಂಟುತ್ತದೆ. ಈ ಜೀನನ್ನೇ ತೆಗೆದ ಸಿ43 ತಳಿಯೂ ಇದೆ. ಮುಂದಿನ ವಾರ ಅದರಲ್ಲಿ ಬೆಳೆಸಿ ನೋಡುತ್ತೇನೆ.