ಹಳೆಯ ಡೆಸ್ಕ್‌ಟಾಪ್‌ಗೆ ಬಿಡಿಭಾಗ: ಎಸ್‌ಪಿ ರಸ್ತೆಯೋ, ಆನ್‌ಲೈನೋ, ಇನ್ನೊಂದು ಯಂತ್ರವೋ?

ಬೆಂಗಳೂರು ಚಾಮರಾಜಪೇಟೆಯ ನಮ್ಮ ಚಿಕ್ಕಪ್ಪನ ಮುದ್ರಣಾಲಯದಲ್ಲಿ ಎರಡು ಹಳೆಯ ಡೆಸ್ಕ್‌ಟಾಪ್‌ಗಳು ಇಂದಿಗೂ ದುಡಿಯುತ್ತಿವೆ. ಒಂದು, ಅಂಗಡಿಯಲ್ಲಿ ಜೋಡಿಸಿಕೊಂಡದ್ದು: ಎಚ್61 ಮದರ್‌ಬೋರ್ಡ್, ಇಂಟೆಲ್ಲಿನ ಎರಡನೇ ತಲೆಮಾರಿನ ಐ3 ಪ್ರೊಸೆಸರ್. ನುಡಿ ತಂತ್ರಾಂಶದಲ್ಲಿ ಅಕ್ಷರ ಜೋಡಣೆ, ಲಗ್ನಪತ್ರಿಕೆಯ ವಿನ್ಯಾಸ ಎಲ್ಲವೂ ಅದರಲ್ಲೇ. ಇನ್ನೊಂದು ಡೆಲ್ ಆಪ್ಟಿಪ್ಲೆಕ್ಸ್ 3020, ಲೆಕ್ಕಪತ್ರಕ್ಕೆ. ಇವುಗಳಿಗೆ ಬಿಡಿಭಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂದದ್ದರಿಂದ ಮೂರು ದಾರಿಗಳನ್ನೂ ಹಿಡಿದು ನೋಡಿದ್ದೇನೆ: ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರಸ್ತೆ, ಆನ್‌ಲೈನ್, ಅದೇ ಮಾದರಿಯ ಇನ್ನೊಂದು ಹಳೆಯ ಯಂತ್ರ. ಯಾವ ದಾರಿ ಯಾವುದಕ್ಕೆ ಆದೀತು ಎಂಬ ಬಗ್ಗೆ ಈಗ ನನಗೆ ಖಚಿತವಾದ ಅಭಿಪ್ರಾಯವಿದೆ.

ಮೊದಲು ರ‍್ಯಾಮ್ ವಿಷಯ. ಹೆಚ್ಚು ಜನ ಎಡವುವುದು ಇಲ್ಲೇ. ಅದರ ಎರಡು ತಲೆಮಾರುಗಳಾದ ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್‌ಗಳೇ ಇದ್ದರೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಅಪಾಯವಿರುವುದು ಸರಿಯಾಗಿ ಕೂತೂ ಕೆಲಸ ಮಾಡದ ರ‍್ಯಾಮ್‌ನಲ್ಲಿ. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ ಡಿಡಿಆರ್3 ಕಡ್ಡಿಗಳಲ್ಲಿ ಕೆಲವು ಎಎಂಡಿ ಬೋರ್ಡ್‌ಗಳಿಗಷ್ಟೇ ಹೊಂದುವಂಥವು. ಅವುಗಳ ಚಿಪ್‌ಗಳ ವಿನ್ಯಾಸವನ್ನು ಇಂಟೆಲ್ ಪ್ರೊಸೆಸರ್ ಗುರುತಿಸುವುದಿಲ್ಲ. ನಾನು ತರಿಸಿದ್ದರ ವಿವರಣೆಯಲ್ಲಿ ಈ ಮಾತೇ ಇರಲಿಲ್ಲ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಹಣ ವಾಪಸ್ ಬಂತು, ನಿಜ. ಅಷ್ಟರಲ್ಲಿ ಮದುವೆ ಸೀಸನ್ನಿನ ನಡುವೆ ಯಂತ್ರ ನಿಂತೇ ಇತ್ತು. 8 ಜಿಬಿಯ ಒಂದೇ ಕಡ್ಡಿ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು: ಈ ಕಾಲದ ಇಂಟೆಲ್ ಯಂತ್ರಗಳಿಗೆ ಎರಡೂ ಬದಿಯಲ್ಲಿ ಎಂಟೆಂಟು ಚಿಪ್ ಇರುವ ಕಡ್ಡಿಯೇ ಬೇಕು. ಒಂದೇ ಬದಿಯಲ್ಲಿ ಎಂಟು ಚಿಪ್ ಇರುವ 8 ಜಿಬಿ ಡಿಡಿಆರ್3 ಇವುಗಳಲ್ಲಿ ನಡೆಯುವುದಿಲ್ಲ. ಎಚ್61ಕ್ಕೆ ಇರುವುದು ಎರಡೇ ಸ್ಲಾಟ್, ಗರಿಷ್ಠ 16 ಜಿಬಿ.

ಎಸ್‌ಪಿ ರಸ್ತೆಯಲ್ಲಿ ಇದೇ ಕೆಲಸ ಹೇಗಾಯಿತು ನೋಡಿ. ಬೋರ್ಡ್ ಬಿಚ್ಚಿ, ಪ್ರೊಸೆಸರ್ ಸಮೇತ ರಟ್ಟಿನ ಡಬ್ಬಿಯಲ್ಲಿಟ್ಟು ಒಯ್ದಿದ್ದೆ. "ಮಾಡೆಲ್ ನಂಬರ್ ಹೇಳಿದರೆ ಸಾಲದು ಸರ್, ಬೋರ್ಡ್ ತಂದಿದ್ದೀರಲ್ಲ, ಹಾಕಿಯೇ ನೋಡೋಣ" ಎಂದರು ಅಂಗಡಿಯವರು. ಹಳೆಯ ಕಡ್ಡಿಯೊಂದನ್ನು ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರು. ಸ್ಲಾಟಿಗೆ ಒತ್ತಿ ಕೂರಿಸಿ, ಪವರ್ ಸ್ವಿಚ್ಚಿನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿಸಿದರು. ಮೊದಲನೆಯದು ಏಳಲಿಲ್ಲ, ಎರಡನೆಯದು ಎದ್ದಿತು. ಯಂತ್ರ ಏಳುವಾಗ ಮೊದಲು ಓಡುವ ಬಯೋಸ್ ತಂತ್ರಾಂಶದ ಪರದೆಯಲ್ಲಿ ಮೆಮೊರಿಯ ಲೆಕ್ಕ ಸರಿಯಾಗಿ ಕಂಡ ಮೇಲೆಯೇ ದುಡ್ಡು ಕೊಟ್ಟೆ. ಆನ್‌ಲೈನ್‌ಗಿಂತ ಬೆಲೆ ತುಸು ಹೆಚ್ಚೇ ಇತ್ತು, ಆದರೆ ಆ ಹೆಚ್ಚಿನ ದುಡ್ಡು ನನಗೆ ಒಂದಿಷ್ಟೂ ಭಾರವೆನಿಸಲಿಲ್ಲ. ಹಳೆಯ ಯಂತ್ರದ ಮಟ್ಟಿಗೆ 'ಹೊಂದುತ್ತದೆ' ಎನ್ನಲು ನಮ್ಮ ಬೋರ್ಡಿನ ಮೇಲೆ ಓಡುವುದನ್ನು ಕಣ್ಣಾರೆ ಕಾಣಬೇಕು, ಅಷ್ಟೇ.

ಪ್ರೊಸೆಸರ್‌ಗೂ ಇದೇ ಮಾತು. ಐ3 ತೆಗೆದು ಮೂರನೇ ತಲೆಮಾರಿನ ಐ5-3470 ಹಾಕಬೇಕೆಂದಿದ್ದೆ. ಎರಡಕ್ಕೂ ಒಂದೇ 1155 ಸಾಕೆಟ್. ಆದರೆ 2011ರಲ್ಲಿ ಬಂದ ಎಚ್61 ಬೋರ್ಡ್‌ಗಳ ಬಯೋಸ್ ನವೀಕರಿಸದಿದ್ದರೆ ಮೂರನೇ ತಲೆಮಾರಿನ ಪ್ರೊಸೆಸರ್ ಏಳುವುದಿಲ್ಲ. ಹಳೆಯ ಪ್ರೊಸೆಸರ್ ಇರುವಾಗಲೇ ನವೀಕರಿಸಿ, ಆಮೇಲೆ ಹೊಸದನ್ನು ಕೂರಿಸಬೇಕು. ಅಂಗಡಿಯಲ್ಲಿ ಇದನ್ನು ನನ್ನ ಕಣ್ಣೆದುರೇ ಮಾಡಿಕೊಟ್ಟರು. ಇನ್ನು ಹಳೆಯ ಬೋರ್ಡನ್ನೇ ಕೊಳ್ಳುವುದಾದರೆ ಸಾಕೆಟ್ಟಿನ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಈ ಸಾಕೆಟ್‌ಗಳಲ್ಲಿ ಪಿನ್‌ಗಳಿರುವುದು ಬೋರ್ಡಿನಲ್ಲಿ. ಸಾಲಿನಲ್ಲಿ ಒಂದು ಪಿನ್ ಬಾಗಿದ್ದರೂ ಬೆಳಕು ಅಲ್ಲಿ ಬೇರೆಯಾಗಿ ಹೊಳೆಯುತ್ತದೆ. ಬೋರ್ಡಿನ ಮೇಲಿನ ಪುಟ್ಟ ಸಿಲಿಂಡರಿನಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಆ ಬೋರ್ಡ್ ಬೇಡವೇ ಬೇಡ.

ಎಸ್‌ಪಿ ರಸ್ತೆಯ ಕಷ್ಟಗಳೂ ಇವೆ. ವಾಹನ ನಿಲ್ಲಿಸಲು ಜಾಗ ಸಿಗುವುದಿಲ್ಲ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿಳಿದು ನಡೆಯುವುದೇ ಮೇಲು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಹಳೆಯ ಭಾಗಗಳಿಗೆ ಸಿಗುವ 'ಟೆಸ್ಟಿಂಗ್ ವಾರಂಟಿ' ಕೆಲವೇ ದಿನಗಳದ್ದು, ಅದನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳದೆ ಬರಬೇಡಿ.

ಆನ್‌ಲೈನ್ ಗೆಲ್ಲುವುದು ಹೊಸದಾಗಿಯೇ ಕೊಳ್ಳಬೇಕಾದ ವಸ್ತುಗಳಲ್ಲಿ. ಹಾರ್ಡ್ ಡಿಸ್ಕ್ ಬದಲು ಹಾಕುವ ವೇಗದ ಎಸ್‌ಎಸ್‌ಡಿಯನ್ನು ಕಣ್ಣು ಮುಚ್ಚಿ ತರಿಸಬಹುದು, ಹಾರ್ಡ್ ಡಿಸ್ಕ್‌ನಂತೆಯೇ ಸಾಟಾ ಕೇಬಲ್‌ನಿಂದ ಜೋಡಿಸುವ 2.5 ಇಂಚಿನ ಮಾದರಿಯದ್ದಾದರೆ ಸಾಕು. ಎಚ್61ರಲ್ಲಿರುವುದು ಸೆಕೆಂಡಿಗೆ 3 ಗಿಗಾಬಿಟ್‌ನ ಹಳೆಯ ಸಾಟಾ. ಎಸ್‌ಎಸ್‌ಡಿಯ ಪೂರ್ತಿ ವೇಗ ದಕ್ಕದಿದ್ದರೂ ಹಾರ್ಡ್ ಡಿಸ್ಕ್‌ಗೆ ಹೋಲಿಸಿದರೆ ಯಂತ್ರಕ್ಕೆ ಹೊಸ ಜೀವ ಬಂದಂತಾಯಿತು. ಬಯೋಸ್ ಸೆಲ್ ಸಿಆರ್2032, ಬಡಾವಣೆಯ ಯಾವ ವಾಚ್ ಅಂಗಡಿಯಲ್ಲಾದರೂ ಸಿಗುತ್ತದೆ. ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮಾತ್ರ ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಹಳೆಯದನ್ನು ತರಬೇಡಿ. ಅದರೊಳಗಿನ ಕೆಪಾಸಿಟರ್‌ಗಳಿಗೆ ವಯಸ್ಸಾಗಿರುತ್ತದೆ, ಅದು ಕೆಟ್ಟರೆ ಬೋರ್ಡನ್ನೂ ಸುಡಬಲ್ಲದು. 24 ಪಿನ್ನಿನ ಹೊಸ ಎಸ್‌ಎಂಪಿಎಸ್ ಇಂದಿಗೂ ಧಾರಾಳವಾಗಿ ಸಿಗುತ್ತದೆ, ವರ್ಷಗಟ್ಟಲೆ ವಾರಂಟಿಯೂ ಇರುತ್ತದೆ.

ಆಪ್ಟಿಪ್ಲೆಕ್ಸ್ ಕಥೆ ಬೇರೆ. ಅದರ ಎಸ್‌ಎಂಪಿಎಸ್ ಬದಲಿಸಬೇಕಿತ್ತು. ಅದರ ಬೋರ್ಡಿಗೆ ಮುಖ್ಯ ವಿದ್ಯುತ್ ಹೋಗುವುದು 8 ಪಿನ್ನಿನ ಕನೆಕ್ಟರ್‌ನಿಂದ. ಮಾಮೂಲಿ 24 ಪಿನ್ನಿನದು ನೇರವಾಗಿ ಕೂರುವುದಿಲ್ಲ. ನಡುವೆ ಹಾಕುವ ಅಡಾಪ್ಟರ್ ವೈರ್ ಸಿಗುತ್ತದೆ, ಆದರೆ ಬೋರ್ಡೂ ಸಂಶಯಾಸ್ಪದವಾಗಿದ್ದಾಗ ಅದೊಂದರಿಂದ ಪ್ರಯೋಜನವಿಲ್ಲ. ಇಲ್ಲಿ ನನಗೆ ಸರಿಯೆನಿಸಿದ್ದು ಅದೇ ಮಾದರಿಯ ಇನ್ನೊಂದು ಇಡೀ ಯಂತ್ರವನ್ನು ಕೊಳ್ಳುವುದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಯಂತ್ರಗಳನ್ನು ಬಹುಮಟ್ಟಿಗೆ ಒಪ್ಪುವುದಿಲ್ಲ. ಹಾಗಾಗಿ ಕಚೇರಿಗಳು ಹೊರಹಾಕಿದ ಇಂಥ ಯಂತ್ರಗಳು ಹಳೆಯ ಕಂಪ್ಯೂಟರ್ ಮಾರುವವರ ಬಳಿ ರಾಶಿ ಬಿದ್ದಿವೆ. ಬೋರ್ಡ್, ಎಸ್‌ಎಂಪಿಎಸ್, ರ‍್ಯಾಮ್ ಮೂರನ್ನೂ ಬಿಡಿಬಿಡಿಯಾಗಿ ಕೊಂಡಿದ್ದರೆ ತಗಲುತ್ತಿದ್ದುದಕ್ಕಿಂತ ಇಡೀ ಯಂತ್ರವೇ ಅಗ್ಗವಾಯಿತು. ನಮ್ಮ ಹಾರ್ಡ್ ಡಿಸ್ಕ್ ತೆಗೆದು ಅದಕ್ಕೆ ಹಾಕಿದೆವು, ಲೆಕ್ಕಪತ್ರ ಇದ್ದ ಹಾಗೇ ತೆರೆದುಕೊಂಡಿತು. ಎಸ್‌ಎಂಪಿಎಸ್ ಹಳೆಯದು ಬೇಡವೆಂದ ನಾನೇ ಇಲ್ಲಿ ಅದನ್ನು ಒಪ್ಪಿಕೊಳ್ಳಬೇಕಾಯಿತು. ಯುಪಿಎಸ್ ಮೂಲಕವೇ ಓಡಿಸಿ ಎಂದು ಚಿಕ್ಕಪ್ಪನಿಗೆ ಹೇಳಿದ್ದೇನೆ. ಹಳೆಯ ಪೆಟ್ಟಿಗೆಯಲ್ಲಿ ಉಳಿದ ಪ್ರೊಸೆಸರ್, ಫ್ಯಾನ್, ಮುಂಭಾಗದ ಯುಎಸ್‌ಬಿ ವೈರ್‌ಗಳನ್ನು ಬಿಚ್ಚಿ, ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಿ ಕಪಾಟಿನಲ್ಲಿ ಇಟ್ಟಿದ್ದೇವೆ.