ಹೊಸ ಬಣ್ಣದ ಹಳೆ ಕ್ಯಾಟಮರಾನ್ ಕೊಳ್ಳುವ ಮುಂಚೆ ಇದನ್ನು ಓದಿ

ಸೆಕೆಂಡ್ ಹ್ಯಾಂಡ್ ಹಾಯಿದೋಣಿಗೆ ಹೊಚ್ಚಹೊಸ ಬಣ್ಣ ಬಳಿದಿದ್ದರೆ ಜೇಬಿಗೆ ಕೈ ಹಾಕಬೇಡಿ. ನಾನು ಹಾಕಿದೆ. 2,400 ಡಾಲರ್ ಹೋಯಿತು.

ನಾವಿರುವುದು ಹ್ಯೂಸ್ಟನ್ ಹತ್ತಿರ. ಗ್ಯಾಲ್ವೆಸ್ಟನ್ ಕೊಲ್ಲಿ ದೂರವಿಲ್ಲ. ಒಂದು ಬೇಸಿಗೆ ಪೂರ್ತಿ ಹಾಯಿ ನಡೆಸುವುದು ಕಲಿತೆ, ಆಮೇಲೆ ಸ್ವಂತದ್ದೇ ಬೇಕು ಅನ್ನಿಸಿತು. ಆನ್‌ಲೈನ್‌ನಲ್ಲಿ ಸಿಕ್ಕಿದ್ದು ಹೋಬಿ 16 ಅನ್ನೋ ಒಂದು ಕ್ಯಾಟಮರಾನ್. ‘1994ರದ್ದು, ಟ್ರೇಲರ್ ಸಮೇತ 2,800’ ಅಂತ ಮಾರುವವನು ಬರೆದಿದ್ದ. ಚೌಕಾಸಿ ಮಾಡಿ 400 ಇಳಿಸಿದೆ. ಗೆದ್ದೆ ಅಂದುಕೊಂಡೆ.

ಗೊತ್ತಿಲ್ಲದವರಿಗೆ: ಎರಡು ಸಪೂರ ಫೈಬರ್ ಹಲ್ (ದೋಣಿಯ ಒಡಲು), ನಡುವೆ ಕೂರೋಕೆ ಟ್ರಾಂಪೊಲಿನ್ (ಬಿಗಿದು ಕಟ್ಟಿದ ಬಟ್ಟೆ), 16 ಅಡಿ 7 ಇಂಚು ಉದ್ದ, 145 ಕೆ.ಜಿ. ಆಸುಪಾಸು ತೂಕ. ಮರಳಿನ ಮೇಲಿಂದಲೇ ನೀರಿಗೆ ತಳ್ಳಬಹುದು. (ಕ್ಯಾಟಮರಾನ್ ಅನ್ನೋ ಹೆಸರು ಬಂದಿದ್ದು ತಮಿಳಿನ ಕಟ್ಟುಮರದಿಂದ. ಆದರೆ ನಿಜವಾದ ಕಟ್ಟುಮರ ಒತ್ತಾಗಿ ಕಟ್ಟಿದ ದಿಮ್ಮಿಗಳು, ಎರಡು ಹಲ್ ಅಲ್ಲ.) 1970ರ ಆಸುಪಾಸಿನಲ್ಲಿ ಬಂದ ಆಕಾರವೇ ಇವತ್ತಿಗೂ ನಡೀತಿದೆ. ಕಾರಾದರೆ ಮೂತಿ ನೋಡಿ ವಯಸ್ಸು ಹೇಳಬಹುದು. ಇದರಲ್ಲಿ ಆಗಲ್ಲ. ಹಾಯಿ, ಮಾಸ್ಟ್ (ಹಾಯಿಕಂಬ), ಟ್ರಾಂಪೊಲಿನ್ ಎಲ್ಲ ಬೇರೆ ದೋಣಿಯಿಂದ ಬಂದಿರಬಹುದು. ‘ಹಾಯಿ ನೋಡಿ ಎಷ್ಟು ಹೊಸದಿದೆ’ ಅಂತ ಮಾರುವವನು ತೋರಿಸಿದ, ನಾನು ತಲೆಯಾಡಿಸಿದೆ.

ನೋಡಬೇಕಿದ್ದದ್ದು ಬಲಗಡೆ ಹಲ್‌ನ ಹಿಂಬದಿ. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ತಯಾರಾದ ದೋಣಿಗಳಿಗೆ 12 ಅಕ್ಷರ-ಅಂಕಿಗಳ ಹಲ್ ನಂಬರ್ ಇರಲೇಬೇಕು. ಮೊದಲ ಮೂರು ತಯಾರಕರ ಗುರುತು, ಮುಂದಿನ ಐದು ಆ ದೋಣಿಯ ಕ್ರಮಸಂಖ್ಯೆ, ಕೊನೆಯ ನಾಲ್ಕರಲ್ಲಿ ವಯಸ್ಸು. ನಮ್ಮದರಲ್ಲಿ ಅದರ ಮೇಲೂ ದಪ್ಪಗೆ ಬಣ್ಣ ಬಳಿದಿತ್ತು. ‘ಅದು ಸುಮ್ನೆ ಫ್ಯಾಕ್ಟರಿ ನಂಬರ್’ ಅಂದ. ತಂದ ಮೇಲೆ ಮರಳು ಕಾಗದದಿಂದ ಉಜ್ಜಿದರೆ ಕೊನೆಯಲ್ಲಿ ಕಂಡಿದ್ದು 0981. ಅಂದರೆ 1981ರ ಸೆಪ್ಟೆಂಬರ್!

1984ರ ಆಗಸ್ಟ್‌ಗಿಂತ ಹಿಂದಿನವಲ್ಲಿ ಹೀಗೆ ನಾಲ್ಕು ಅಂಕಿ ಇರಬಹುದು, ಇಲ್ಲವೇ ‘ಎಂ’ ಅಕ್ಷರದ ನಂತರ ಎರಡು ಅಂಕಿಯ ಮಾಡೆಲ್ ವರ್ಷ. ಆಮೇಲಿನವಲ್ಲಿ ‘ಕೆ485’ ಥರ ಇರುತ್ತೆ. ಕೆ ಅಂದರೆ ನವೆಂಬರ್, 4 ಅಂದರೆ 1984, ಮಾಡೆಲ್ 1985. ಆ ಒಂಟಿ 4 ತೋರಿಸಿ 1994 ಅಂತ ಯಾರಾದರೂ ಹೇಳಿದರೆ ಪಕ್ಕದ ಎರಡು ಅಂಕಿ ನೋಡಿ.

ಹಳೆಯದಾಗಿದ್ದರೂ ಗಟ್ಟಿಯಿದ್ದಿದ್ದರೆ ನಾನು ಗೊಣಗುತ್ತಿರಲಿಲ್ಲ. ಮೊದಲ ದಿನ ನೀರಿಗಿಳಿಸಿ ಅರ್ಧ ಗಂಟೆಯಾಗಿರಲಿಲ್ಲ, ಬಲಗಡೆ ಹಲ್ ಭಾರವಾಗಿ ಕುಗ್ಗತೊಡಗಿತು. ಹೇಗೋ ದಡಕ್ಕೆ ತಂದು ಹಿಂದಿನ ಬಿರಡೆ ತೆಗೆದರೆ ನಲ್ಲಿ ಬಿಟ್ಟ ಹಾಗೆ ನೀರು. ಭಾವ ಆಗ ಮಲ್ಪೆಯಿಂದ ನಮ್ಮಲ್ಲಿಗೆ ಬಂದಿದ್ದರು. ಅವರ ಮನೆಯವರದ್ದು ಮೀನಿನ ಬೋಟುಗಳ ವ್ಯವಹಾರ, ಫೈಬರ್ ಅಂದರೆ ಅವರಿಗೆ ಅಂಗೈ ಗೆರೆ. ನಿಂತು ನೋಡಿ, ‘ಎಂತ ಮಾರಾಯ, ದೋಣಿ ತಂದದ್ದಾ ಕೊಡಪಾನ ತಂದದ್ದಾ?’ ಅಂದರು.

ಆಮೇಲೆ ಹಲಸಿನಹಣ್ಣು ನೋಡೋ ಹಾಗೆ ಹಲ್ ಉದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು. ಟಕ್, ಟಕ್, ಟಕ್. ಟ್ರಾಂಪೊಲಿನ್ ಚೌಕಟ್ಟಿನ ಮುಂದಿನ ಕಾಲು ಹಲ್‌ಗೆ ಸೇರುವ ಜಾಗದ ಹತ್ತಿರ ಬಂದಾಗ ಸದ್ದು ಡಬ್ ಡಬ್ ಅಂತ ಸತ್ತುಹೋಯಿತು. ‘ಒತ್ತು ಇಲ್ಲಿ’ ಅಂದರು. ಹೆಬ್ಬೆರಳಿಟ್ಟು ಒತ್ತಿದೆ. ಖಾಲಿ ಎಣ್ಣೆ ಡಬ್ಬದ ಥರ ಒಳಗೆ ಹೋಗಿ ಮತ್ತೆ ಉಬ್ಬಿತು. ಈ ಹಲ್ ಎರಡು ಪದರ ಫೈಬರ್, ನಡುವೆ ಫೋಮ್. ಬಿಸಿಲು, ನೀರು, ವಯಸ್ಸಿಗೆ ಪದರ ಫೋಮ್‌ನಿಂದ ಬಿಟ್ಟುಕೊಳ್ಳುತ್ತೆ. ಬಣ್ಣ ಕೆರೆದಾಗ ಅಲ್ಲೇ ಸಾಲಾಗಿ ಸಣ್ಣ ಸಣ್ಣ ತೂತು ಮುಚ್ಚಿದ ಗುರುತು. ಯಾರೋ ಆಗಲೇ ಎಪಾಕ್ಸಿ ಅಂಟು ಚುಚ್ಚಿ ರಿಪೇರಿ ಮಾಡಿದ್ದರು, ಹಿಡಿದಿರಲಿಲ್ಲ. ಇದನ್ನು ನೋಡೋಕೆ ಯಂತ್ರ ಬೇಡ, ಹೆಬ್ಬೆರಳು ಸಾಕಿತ್ತು. ನಾನು ಹೋಗಿ ಬಣ್ಣದ ಹೊಳಪು ನೋಡಿ ಬಂದಿದ್ದೆ.

ಮಾಸ್ಟ್ ಹಿಡಿದಿಡುವ ತಂತಿಗಳ ಮೇಲೆ ಭಾವ ಹಳೇ ಬನಿಯನ್ ಎಳೆದರು. ಎರಡು ಕಡೆ ನೂಲು ಸಿಕ್ಕಿಕೊಂಡಿತು. ತಂತಿಯ ಎಳೆ ಕಡಿದಿತ್ತು ಅಂತ ಅರ್ಥ. ಜೋರು ಗಾಳಿಯಲ್ಲಿ ಅದು ಕಿತ್ತುಬಂದಿದ್ದರೆ ಮಾಸ್ಟ್ ನಮ್ಮ ತಲೆ ಮೇಲೇ. ಟ್ರೇಲರ್ ಟೈರ್‌ನ ಬದಿಯಲ್ಲಿ ಒತ್ತಿರುವ ‘DOT’ ಗುರುತಿನ ಕೊನೆಯ ನಾಲ್ಕು ಅಂಕಿ 2209, ಅಂದರೆ ಟೈರ್ ತಯಾರಾಗಿದ್ದು 2009ರ 22ನೇ ವಾರ. ಅದರ ಮೇಲೆ ಹೈವೇಯಲ್ಲಿ ಮನೆಗೆ ಬಂದಿದ್ದೆ ನಾನು.

ಇನ್ನು ಕಾಗದ. ಟೆಕ್ಸಸ್‌ನಲ್ಲಿ 14 ಅಡಿ ಮತ್ತು ಅದಕ್ಕಿಂತ ಉದ್ದದ ಹಾಯಿದೋಣಿಗೆ ಟೈಟಲ್, ಅಂದರೆ ಒಡೆತನದ ಪತ್ರ, ಬೇಕು. ‘ಟೈಟಲ್ ಎಲ್ಲೋ ಕಳೆದಿದೆ, ಮಾರಾಟದ ಚೀಟಿ ಸಾಕು’ ಅಂತ ಮಾರಿದವನು ಹೇಳಿದ್ದನ್ನು ನಂಬಿದೆ. ಸಾಕಾಗಲ್ಲ. ದೋಣಿ ದಾಖಲೆಯಲ್ಲಿರುವುದು ಅವನ ಹೆಸರಿನಲ್ಲೂ ಅಲ್ಲ, ಅವನಿಗೆ ಮಾರಿದವರ ಹೆಸರಿನಲ್ಲಿ. ಅವರನ್ನು ಇನ್ನೂ ಹುಡುಕುತ್ತಿದ್ದೇನೆ. ಇವನು ಫೋನ್ ಎತ್ತುತ್ತಿಲ್ಲ.

ಇಲ್ಲಿ ಹೋಬಿ ನಡೆಸುವ ಒಬ್ಬರು ಬಂದು ನೋಡಿ, ಹಾಯಿ ಮತ್ತು ಟ್ರೇಲರ್ ಸೇರಿ 600 ಡಾಲರ್ ಬರಬಹುದು ಅಂದರು. ಹಲ್‌ಗಳಿಗೆ ಎಷ್ಟು ಅಂತ ಕೇಳಿದೆ. ಅವರು ನಕ್ಕು, ಕಸಕ್ಕೆ ಸಾಗಿಸೋಕೆ ನೀವೇ ದುಡ್ಡು ಕೊಡಬೇಕಾಗುತ್ತೆ ಅಂದರು.