ದಂಪತಿಗಳಿಗೆಂದು ಮಾರುವ ಚಾಕೊಲೇಟ್: ಮನೆಯಲ್ಲಿ ಹೃದ್ರೋಗಿಗಳಿದ್ದರೆ ದಯವಿಟ್ಟು ಓದಿ

ನಮ್ಮ ಮದುವೆಯ 30ನೆಯ ವಾರ್ಷಿಕೋತ್ಸವಕ್ಕೆಂದು ನಾನೇ ಆಸೆಪಟ್ಟು ತರಿಸಿದ ಚಾಕೊಲೇಟಿನಿಂದಾಗಿ ನನ್ನ ಪತಿ ಎರಡು ರಾತ್ರಿ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಇದನ್ನು ಬರೆಯಲು ನನಗೆ ಸಂಕೋಚವಿದೆ. ಆದರೆ ಅಂದು ಇದೇ ಸಂಕೋಚ ಕೆಲವು ನಿಮಿಷಗಳ ಕಾಲ ನನ್ನ ಬಾಯಿ ಕಟ್ಟಿಹಾಕಿತ್ತು. ಇನ್ನೊಬ್ಬರ ಮನೆಯಲ್ಲಿ ಹಾಗಾಗಬಾರದೆಂದು ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ನನ್ನ ಪತಿಗೆ 61 ವರ್ಷ. ಎರಡು ವರ್ಷಗಳ ಹಿಂದೆ ಸ್ಟೆಂಟ್ ಹಾಕಿಸಿಕೊಂಡ ಮೇಲೂ ಆಗಾಗ ಎದೆ ಬಿಗಿಯುವುದರಿಂದ, ದಿನವೂ ಬೆಳಿಗ್ಗೆ ಐಸೊಸಾರ್ಬೈಡ್ ಮಾನೊನೈಟ್ರೇಟ್ ಗುಳಿಗೆ ನುಂಗುತ್ತಾರೆ. ಎದೆನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ನೈಟ್ರೋಗ್ಲಿಸರಿನ್ ಗುಳಿಗೆಯ ಪುಟ್ಟ ಸೀಸೆಯೂ ಇದೆ. ನಮ್ಮ ಊರುಗಳಲ್ಲಿ ಎಲ್ಲರಿಗೂ ಪರಿಚಿತವಾದ ಸಾರ್ಬಿಟ್ರೇಟ್ ಕೂಡ ಇದೇ ನೈಟ್ರೇಟ್ ಗುಂಪಿನ ಔಷಧ.

ಅಂತರ್ಜಾಲದ ಮಳಿಗೆಯೊಂದರಲ್ಲಿ ಉಡುಗೊರೆ ಹುಡುಕುತ್ತಿದ್ದಾಗ ‘ದಂಪತಿಗಳಿಗಾಗಿ’ ಎಂದು ಬರೆದಿದ್ದ, ಚಿನ್ನದ ಬಣ್ಣದ ಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. ಒಳಗೆ ನಾಲ್ಕು ತುಂಡುಗಳು. ಕೋಕೋ, ಸಕ್ಕರೆ, ಅಶ್ವಗಂಧ, ಜಿನ್ಸೆಂಗ್, ಪೂರ್ತಿ ನೈಸರ್ಗಿಕ, ಅನುರಾಗ ಹೆಚ್ಚಿಸುವಂಥದ್ದು ಎಂಬ ವಿವರಣೆಯಿತ್ತು. ಅಶ್ವಗಂಧವೆಂಬ ಹೆಸರು ಕಂಡೊಡನೆ ನನಗೆ ನಮ್ಮ ಮನೆಯದೇ ವಸ್ತುವೆಂಬ ನಂಬಿಕೆ ಹುಟ್ಟಿತು. ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ, 30 ನಿಮಿಷಗಳಲ್ಲಿ ಪರಿಣಾಮ ಕಾಣುತ್ತದೆ, ದಿನಕ್ಕೆ ಒಂದಕ್ಕಿಂತ ಹೆಚ್ಚು ತಿನ್ನಬಾರದು ಎಂದು ಮುದ್ರಿಸಿದ್ದರು. ಸಿಹಿತಿಂಡಿಗೆ ಇಂಥ ಸೂಚನೆ ಏಕೆ ಬೇಕೆಂದು ನಾನು ಆಗಲೇ ಯೋಚಿಸಬೇಕಿತ್ತು.

ರಾತ್ರಿ ಊಟವಾದ ಮೇಲೆ ಇಬ್ಬರೂ ಒಂದೊಂದು ತುಂಡು ತಿಂದೆವು. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಅವರ ಮುಖ ಕೆಂಪೇರಿ, ತಲೆ ಸಿಡಿಯುತ್ತಿದೆ ಎಂದರು. ನೀರು ಕುಡಿಯಲು ಎದ್ದವರು ಅಡುಗೆಮನೆಯ ಬಾಗಿಲಲ್ಲೇ ಕುಸಿದರು. ಮೈ ತಣ್ಣಗಾಗಿ ಬೆವರುತ್ತಿತ್ತು. ಹೃದಯಾಘಾತವೆಂದೇ ಭಾವಿಸಿದ ನಾನು 911ಕ್ಕೆ ಕರೆ ಮಾಡಿ, ನೈಟ್ರೋಗ್ಲಿಸರಿನ್ ಸೀಸೆಗಾಗಿ ಮನೆಯೆಲ್ಲ ತಡಕಾಡಿದೆ. ಹಿಂದಿನ ವಾರದ ಪ್ರಯಾಣದ ಚೀಲದಲ್ಲೇ ಅದು ಉಳಿದುಬಿಟ್ಟಿತ್ತು, ಸಿಗಲಿಲ್ಲ. ಸಿಗದೆ ಹೋದದ್ದು ನಮ್ಮ ಪುಣ್ಯ. ಸಿಕ್ಕಿದ್ದರೆ, ಆಗಲೇ ಇಳಿದುಹೋಗಿದ್ದ ರಕ್ತದೊತ್ತಡವನ್ನು ನನ್ನ ಕೈಯಾರೆ ಇನ್ನಷ್ಟು ಇಳಿಸುತ್ತಿದ್ದೆ.

ಆಂಬುಲೆನ್ಸಿನವರು ನೋಡಿದಾಗ ರಕ್ತದೊತ್ತಡ 70/40 ಇತ್ತು. ಕಳೆದ 48 ಗಂಟೆಗಳಲ್ಲಿ ಲೈಂಗಿಕ ಶಕ್ತಿಗೆಂದು ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದೀರಾ ಎಂದು ಅವರು ಕೇಳಿದರು. ನನ್ನ ಪತಿ ಇಲ್ಲವೆಂದರು, ಅದು ನಿಜವೂ ಆಗಿತ್ತು. ಮೇಜಿನ ಮೇಲಿದ್ದ ಪೆಟ್ಟಿಗೆ ನನಗೆ ನೆನಪಾಯಿತು, ಆದರೆ ಮಗನ ವಯಸ್ಸಿನ ಆ ಹುಡುಗರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ಆಸ್ಪತ್ರೆಯ ದಾರಿಯಲ್ಲಿ ಎರಡನೆಯ ಬಾರಿ ಕೇಳಿದಾಗ ಹೇಳಿದೆ.

ವೈದ್ಯರು ವಿವರಿಸಿದ್ದು ಹೀಗೆ. ಲೈಂಗಿಕ ಶಕ್ತಿಗೆಂದು ಗಂಡಸರಿಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರಾದಲ್ಲಿರುವುದು ಇದೇ) ಮತ್ತು ಟಡಾಲಾಫಿಲ್ ಎಂಬ ಔಷಧಗಳು ರಕ್ತನಾಳಗಳನ್ನು ಸಡಿಲಗೊಳಿಸುತ್ತವೆ, ನೈಟ್ರೇಟ್ ಕೂಡ ಅದೇ ಕೆಲಸವನ್ನು ಮಾಡುತ್ತದೆ. ಎರಡೂ ಒಟ್ಟಿಗೆ ದೇಹ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡವರಿಗೆ 24 ಗಂಟೆ, ಟಡಾಲಾಫಿಲ್ ತೆಗೆದುಕೊಂಡವರಿಗೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ಲಕ್ಷಣಗಳನ್ನು ನೋಡಿ ಚಾಕೊಲೇಟಿನಲ್ಲಿ ಇಂಥದ್ದೇನೋ ಬೆರೆತಿರಬೇಕೆಂದು ಅವರು ಅನುಮಾನಿಸಿದರು. ಯಾವುದೆಂದು ತಿಳಿಯದ ಕಾರಣ ದೀರ್ಘ ಅವಧಿಯನ್ನೇ ಲೆಕ್ಕಕ್ಕೆ ಹಿಡಿದು ಎರಡು ದಿನ ನಿಗಾದಲ್ಲಿ ಇರಿಸಿದರು.

ಇದು ನಮಗೊಬ್ಬರಿಗೇ ಆದದ್ದಲ್ಲವೆಂದು ಆಮೇಲೆ ತಿಳಿಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವಾದ ಎಫ್‌ಡಿಎ, ಲೈಂಗಿಕ ಶಕ್ತಿಯ ಹೆಸರಿನಲ್ಲಿ ಮಾರುವ ಚಾಕೊಲೇಟು, ಜೇನು, ಕಾಫಿಗಳಲ್ಲಿ ಈ ಔಷಧಗಳನ್ನು ಪತ್ತೆಹಚ್ಚಿ ಮತ್ತೆ ಮತ್ತೆ ಎಚ್ಚರಿಕೆ ನೀಡಿದೆ. 2022ರಲ್ಲಿ ಜೇನಿನ ಉತ್ಪನ್ನಗಳನ್ನು ಮಾರುತ್ತಿದ್ದ ನಾಲ್ಕು ಕಂಪನಿಗಳಿಗೆ ಪತ್ರವನ್ನೇ ಬರೆದಿತ್ತು. ಇಂಥ ಕಲಬೆರಕೆ ಉತ್ಪನ್ನಗಳ ಪಟ್ಟಿ ಅದರ ಜಾಲತಾಣದಲ್ಲಿದೆ. ನಾನು ಕೊಂಡ ಪೆಟ್ಟಿಗೆಯ ಹೆಸರು ಅದರಲ್ಲಿರಲಿಲ್ಲ. ಮಾರುಕಟ್ಟೆಯಲ್ಲಿರುವುದರಲ್ಲಿ ಸಣ್ಣ ಪಾಲು ಮಾತ್ರ ಪಟ್ಟಿಯಲ್ಲಿರುವುದರಿಂದ, ಹೆಸರಿಲ್ಲವೆಂದು ಧೈರ್ಯಪಡುವಂತಿಲ್ಲ.

ಚಾಕೊಲೇಟಿಗೂ ಪ್ರೇಮಕ್ಕೂ ನಂಟು ಕಟ್ಟುವ ಮಾತು ಹಳೆಯದು. ಕೋಕೋದಲ್ಲಿರುವ ಫಿನೈಲ್‌ಎಥಿಲಮೈನ್ ಒಲವನ್ನು ಉಕ್ಕಿಸುತ್ತದೆ ಎನ್ನುತ್ತಾರೆ, ಆದರೆ ತಿಂದ ಮೇಲೆ ಅದರ ಬಹುಪಾಲು ಮಿದುಳನ್ನು ಮುಟ್ಟುವ ಮೊದಲೇ ಒಡೆದುಹೋಗುತ್ತದೆ. ಹೀಗಿರುವಾಗ ಒಂದು ತುಂಡು ಚಾಕೊಲೇಟು ಅರ್ಧ ಗಂಟೆಯಲ್ಲಿ ನಿಜಕ್ಕೂ ಪರಿಣಾಮ ತೋರಿಸಿದರೆ, ಆ ಪರಿಣಾಮ ಕೋಕೋದ್ದಲ್ಲವೆಂದೇ ತಿಳಿಯಬೇಕು.

ರಜೆಗೆ ಊರಿಗೆ ಹೊರಡುವಾಗ ನಾವೆಲ್ಲ ಸೂಟ್‌ಕೇಸಿನ ತುಂಬ ಚಾಕೊಲೇಟು ತುಂಬಿಕೊಂಡು ಹೋಗುತ್ತೇವೆ, ಅಕ್ಕಂದಿರಿಗೆ, ಭಾವಂದಿರಿಗೆ, ಎದುರುಮನೆಯವರಿಗೆ ಹಂಚುತ್ತೇವೆ. ಅವರಲ್ಲಿ ಎಷ್ಟು ಜನ ನೈಟ್ರೇಟ್ ತೆಗೆದುಕೊಳ್ಳುತ್ತಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಇಂಥ ಪೆಟ್ಟಿಗೆ ಆ ಸೂಟ್‌ಕೇಸಿಗೆ ಸೇರದಿರಲಿ. ಈಗಾಗಲೇ ತಿಂದವರಿಗೆ ತಲೆಸುತ್ತೋ ಎದೆನೋವೋ ಬಂದರೆ, ಸಾರ್ಬಿಟ್ರೇಟನ್ನು ನಾಲಿಗೆಯಡಿ ಇಡುವ ಮೊದಲು ತುರ್ತು ಸೇವೆಗೆ ಕರೆ ಮಾಡಿ, ತಿಂದದ್ದೇನೆಂದು ಸ್ಪಷ್ಟವಾಗಿ ಹೇಳಿ, ಹೊದಿಕೆಯನ್ನು ವೈದ್ಯರ ಕೈಗೇ ಕೊಡಿ.

ಮಾರಾಟಗಾರರು ಹಣ ಹಿಂದಿರುಗಿಸಿದರು, ನನ್ನ ಪ್ರಶ್ನೆಗಳಿಗೆ ಮಾತ್ರ ಉತ್ತರಿಸಲಿಲ್ಲ. ನಾನು ಎಫ್‌ಡಿಎಯ ಮೆಡ್‌ವಾಚ್ ವಿಭಾಗಕ್ಕೆ ದೂರು ಸಲ್ಲಿಸಿದ್ದೇನೆ. ಉಳಿದ ಎರಡು ತುಂಡುಗಳನ್ನು ಎಸೆಯದೆ, ಪರೀಕ್ಷೆಗೆ ಬೇಕಾದರೆ ಇರಲೆಂದು, ಪೆಟ್ಟಿಗೆಯ ಸಮೇತ ಮುಚ್ಚಿ ಇಟ್ಟಿದ್ದೇನೆ.